ಯಾದವಗಿರಿಯ ಸದ್ದು

ಹಳೆಯ ಯೆಜ್ಡಿ ಬೈಕನ್ನು ಸ್ಟಾರ್ಟ್ ಮಾಡಿ, ಸ್ಟ್ಯಾಂಡ್ ಹಾಕಿ ಸುಮ್ಮನೆ ಬಿಟ್ಟರೆ ಸದ್ದು ಒಂದೇ ಸಮನೆ ಬರುವುದಿಲ್ಲ. ಡುಗ್, ಡುಗ್‌ಡುಗ್, ನಡುವೆ ಒಂದು ಬಡಿತ ಎಗರಿಹೋಗುತ್ತದೆ, ಇನ್ನೇನು ಆಫ್ ಆಯಿತು ಅನ್ನುವಷ್ಟರಲ್ಲಿ ಮತ್ತೆ ಡುಗ್. ತಾಳ ಬಲ್ಲವರೂ ಲೆಕ್ಕ ಹಿಡಿಯಲಾರರು. ಈ ಸದ್ದಿಗೆ ಮರುಳಾಗಿ, ಮನೆ ಮುಂದೆ ಒಂದು ಸ್ಕೂಟರಿಗೂ ಜಾಗವಿಲ್ಲದಿದ್ದರೂ ಎರಡೆರಡು ಹಳೇ ಗಾಡಿ ಇಟ್ಟುಕೊಂಡು ಮನೆಯವರ ಕೈಲಿ ಬೈಸಿಕೊಳ್ಳುವವರು ಮೈಸೂರಿನಲ್ಲೂ ಬೆಂಗಳೂರಿನಲ್ಲೂ ಬೇಕಾದಷ್ಟು ಮಂದಿ ಇದ್ದಾರೆ.

ಆ ಸದ್ದು ನಿಜಕ್ಕೂ ಒಂದು ಕುಂದು. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಸುಟ್ಟ ಹೊಗೆಯನ್ನು ಆಚೆ ದಬ್ಬಲು ಪ್ರತ್ಯೇಕ ಏರ್ಪಾಡಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಪಿಸ್ಟನ್ ಕೆಳಗಿಳಿದಾಗ ಅವು ತೆರೆದುಕೊಂಡು, ಒಳಗೆ ಬರುವ ಹೊಸ ಪೆಟ್ರೋಲು-ಗಾಳಿಯೇ ಹಳೆಯ ಹೊಗೆಯನ್ನು ನೂಕಬೇಕು. ಆಕ್ಸಿಲರೇಟರ್ ಕೊಡದೆ ಬಿಟ್ಟಾಗ ಒಳಬರುವುದೂ ಕಮ್ಮಿ, ನೂಕುವ ತ್ರಾಣವೂ ಕಮ್ಮಿ. ಹೊಗೆ ಅಲ್ಲೇ ಉಳಿದುಬಿಡುತ್ತದೆ, ಕಿಡಿ ಹಾರಿದರೂ ಬೆಂಕಿ ಹತ್ತುವುದಿಲ್ಲ. ಎರಡು ಮೂರು ಸುತ್ತು ತಿರುಗಿ ಹೊಸ ಮಿಶ್ರಣ ಸಾಕಷ್ಟು ಸೇರಿದ ಮೇಲೆ ಒಮ್ಮೆ ಹತ್ತುತ್ತದೆ. ಜನ ಮರುಳಾದದ್ದು ಹತ್ತದೆ ಹೋದ ಆ ಬೆಂಕಿಗೆ. ಅದೇ ಕಿಂಡಿಗಳ ಮೂಲಕ, ಸುಡದೇ ಉಳಿದ ಪೆಟ್ರೋಲಿನ ಒಂದು ಪಾಲು ಸೀದಾ ಸೈಲೆನ್ಸರಿಗೆ ಹೋಗಿ ಬೀದಿಗೆ ಬೀಳುತ್ತದೆ. ಈ ಗಾಡಿಯನ್ನು ಮೆಚ್ಚಿಕೊಂಡದ್ದು ಯಾವ ಗುಣಕ್ಕೋ ಕೊನೆಗೆ ಅದನ್ನು ಮುಳುಗಿಸಿದ್ದೂ ಅದೇ ಗುಣ ಎಂಬುದು ನನಗೆ ಬಹಳ ದಿನದಿಂದ ಕುತೂಹಲದ ಸಂಗತಿ.

ಹೊರಗಿನ ಗಾಡಿಗಳ ಆಮದಿಗೆ ಸರ್ಕಾರ ಕಡಿವಾಣ ಹಾಕಿದ್ದ ಕಾಲದಲ್ಲಿ, ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ 1960ರಲ್ಲಿ ಐಡಿಯಲ್ ಜಾವಾ ಕಟ್ಟಿದರು. ಮರುವರ್ಷ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಮೈಸೂರಿನ ಯಾದವಗಿರಿಯ ಕಾರ್ಖಾನೆಯನ್ನು ಉದ್ಘಾಟಿಸಿದರು. 1973ರಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಒಂದೂರು ಮೂವತ್ತೈದು ವರ್ಷ ಒಂದೇ ಬಗೆಯ ಇಂಜಿನ್ನನ್ನು ಮಾಡುತ್ತ ಹೋದರೆ ಆ ಊರಿನ ಜನರ ಕೈಗೆ, ಕಿವಿಗೆ ಏನಾಗುತ್ತದೆ ಎಂದು ಯಾರಾದರೂ ಕೂತು ಬರೆಯಬೇಕಿತ್ತು. ಕಾರ್ಖಾನೆಯ ಚರಿತ್ರೆಗಳು ಮಾಲೀಕರನ್ನೂ ಮುಷ್ಕರಗಳನ್ನೂ ದಾಖಲಿಸುತ್ತವೆ, ಕಿವಿಯನ್ನಲ್ಲ.

ಈ ಗಾಡಿಯ ಎಡಗಡೆಯ ಒಂದು ಸಲಾಕೆಯನ್ನು ಹತ್ತಿರದಿಂದ ನೋಡಬೇಕು. ಬೇರೆ ಗಾಡಿಗಳಲ್ಲಿ ಕಿಕ್ಕರ್ ಬೇರೆ, ಗೇರು ಬೇರೆ. ಇಲ್ಲಿ ಎರಡೂ ಒಂದೇ. ಗೇರಿನ ಸಲಾಕೆಯನ್ನು ಪಾದದಿಂದ ಒಳಕ್ಕೆ ಒತ್ತಿ, ಹಿಂದಕ್ಕೆ ಮೇಲಕ್ಕೆ ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್ಕರ್. ಒದ್ದು ಸ್ಟಾರ್ಟ್ ಮಾಡಿ ಮತ್ತೆ ಮುಂದಕ್ಕೆ ಮಲಗಿಸಿದರೆ ಅದೇ ಗೇರು. ಗೇರು ಬದಲಿಸುವಾಗ ಆ ಸಲಾಕೆಯೇ ಒಳಗಿನ ಕ್ಲಚ್ಚನ್ನು ಬಿಡಿಸಿಕೊಡುತ್ತದೆ, ಹಾಗಾಗಿ ಒಮ್ಮೆ ಹೊರಟ ಮೇಲೆ ಎಡಗೈ ಸುಮ್ಮನಿದ್ದರೂ ನಡೆಯುತ್ತದೆ. ಹೊಸಬರು ಇದನ್ನು ಕಲಿಯುವಷ್ಟರಲ್ಲಿ ಮೊಣಕಾಲ ಕೆಳಗಿನ ಮೂಳೆಗೆ ಒಂದೆರಡು ಏಟು ಖಾಯಂ. ಒದೆಯುವುದಕ್ಕೂ ಮೊದಲು ಕಾರ್ಬೊರೇಟರಿನ ತಲೆಯ ಮೇಲಿನ ಪುಟ್ಟ ಗುಂಡಿಯನ್ನು ಬೆರಳಲ್ಲಿ ಒತ್ತಿ, ಪೆಟ್ರೋಲು ತುಳುಕಿ ಬೆರಳಿಗೆ ತಣ್ಣಗೆ ತಾಗುವವರೆಗೆ ಕಾಯಬೇಕು. ಎಷ್ಟು ಹೊತ್ತು ಅಂತ ಯಾವ ಪುಸ್ತಕವೂ ಹೇಳುವುದಿಲ್ಲ. ಚಳಿಗಾಲಕ್ಕೆ ಒಂದು ಲೆಕ್ಕ, ಊಟಕ್ಕೆ ನಿಲ್ಲಿಸಿ ಮತ್ತೆ ಹೊರಡುವಾಗ ಇನ್ನೊಂದು. ಜಾಸ್ತಿಯಾದರೆ ಪ್ಲಗ್ಗು ನೆನೆದು, ಹತ್ತು ಸಲ ಒದ್ದರೂ ಅದು ಮಾತಾಡದು.

ಬಂಕಿನಲ್ಲೂ ಹಾಗೇ. ಪೆಟ್ರೋಲಿನ ಜೊತೆ ಅಳತೆಯ ಪ್ರಕಾರ ಟೂ-ಟಿ ಆಯಿಲ್ ಸುರಿಸಿ, ಮುಚ್ಚಳ ತಿರುಗಿಸಿ, ಗಾಡಿಯನ್ನು ಹ್ಯಾಂಡಲ್ ಹಿಡಿದು ಅತ್ತಿತ್ತ ಅಲ್ಲಾಡಿಸುತ್ತಿದ್ದರು, ಎರಡೂ ಚೆನ್ನಾಗಿ ಬೆರೆಯಲಿ ಅಂತ. ಹಿಂದೆ ನಿಂತ ಸ್ಕೂಟರಿನವನು ಹಾರ್ನ್ ಹೊಡೆಯುತ್ತಿದ್ದ. ಆಯಿಲ್ ಹಾಕಿಸಲು ಮರೆತವನಿಗೆ ಬೆಂಗಳೂರು ರಸ್ತೆಯಲ್ಲಿ, ಎಲ್ಲೋ ಮದ್ದೂರಿನ ಆಸುಪಾಸಿನಲ್ಲಿ, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಗಾಡಿ ಗಕ್ಕನೆ ನಿಲ್ಲುತ್ತಿತ್ತು. ‘ಸೀಜ್ ಆಯ್ತು’ ಎಂಬ ಮಾತನ್ನು ನಮ್ಮಲ್ಲಿ ಬೇರೆ ಯಾವ ಗಾಡಿಯ ವಿಷಯದಲ್ಲೂ ಅಷ್ಟು ದುಃಖದಿಂದ ಹೇಳಿದ್ದನ್ನು ನಾನು ಕೇಳಿಲ್ಲ.

ಈ ತಾಪತ್ರಯಗಳನ್ನೆಲ್ಲ ಸುಖ ಎಂದು ಕರೆಯುವುದು ಹೇಗೆ? ಹಳೆಯದೆಲ್ಲ ಚೆನ್ನ ಎನ್ನುವವರ ಸಾಲಿನಲ್ಲಿ ನಾನು ನಿಲ್ಲುವವನಲ್ಲ. ಆ ಹೊಗೆ ಹೊಗೆಯೇ. ಹಿಂದೆ ಕೂತವರ ಸೀರೆಯ ಅಂಚಿಗೆ ಆಯಿಲ್ಲಿನ ವಾಸನೆ ಹತ್ತಿ ಒಗೆದರೂ ಹೋಗುತ್ತಿರಲಿಲ್ಲ, ಬಿಸಿ ಸೈಲೆನ್ಸರ್ ತಾಗಿ ಮೀನಖಂಡದ ಮೇಲೆ ಕಲೆ ಬಿದ್ದ ಮಕ್ಕಳು ಪ್ರತಿ ಬೀದಿಯಲ್ಲೂ ಇದ್ದರು. (ಸೀರೆಯ ಮಾತು ಬಂದದ್ದಕ್ಕೆ ಒಂದು ವಿಷಯ: ನಮ್ಮ ಬೈಕುಗಳ ಹಿಂಗಾಲಿಯ ಪಕ್ಕದ ಜಾಲರಿ, ಹಿಂದೆ ಕೂತವರು ಹಿಡಿದುಕೊಳ್ಳುವ ಹಿಡಿಕೆ, ಕಾಲಿಡುವ ಪಟ್ಟಿ, ಇವೆಲ್ಲ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಬೈಕಿನ ಬಗ್ಗೆ ಬರೆಯುವ ಗಂಡಸರು ಓಡಿಸುವವನ ಸುಖವನ್ನಷ್ಟೇ ಬರೆಯುತ್ತಾರೆ. ಒಂದೇ ಪಕ್ಕಕ್ಕೆ ಎರಡೂ ಕಾಲು ಬಿಟ್ಟು, ಮಡಿಲಲ್ಲಿ ಮಗು, ಮಗುವಿನ ಕೈಯಲ್ಲಿ ತರಕಾರಿ ಚೀಲ, ಹಾಗೆ ಚಾಮುಂಡಿ ಬೆಟ್ಟದ ತಿರುವುಗಳನ್ನು ಹತ್ತಿ ಬಂದವರ ಸುಖವೋ ದಿಗಿಲೋ ಇನ್ನೂ ಯಾವ ಬೈಕ್ ಪತ್ರಿಕೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.)

ಆದರೂ ಸುಖ ಇತ್ತು. ಗಾಡಿಗೆ ತನ್ನ ಒಡೆಯ ಬೇಕಾಗಿದ್ದ, ಸುಖ ಇದ್ದದ್ದು ಅಲ್ಲಿ. ಎರವಲು ಕೊಟ್ಟರೆ ಅದು ಇನ್ನೊಬ್ಬನಿಗೆ ಸ್ಟಾರ್ಟ್ ಆಗುತ್ತಿರಲಿಲ್ಲ, ಆಮೇಲೆ ಯಜಮಾನ ಬಂದು ಒಂದೇ ಒದೆತಕ್ಕೆ ಎಬ್ಬಿಸಿ, ಏನೂ ಆಗದವನಂತೆ ಮೀಸೆಯಲ್ಲೇ ನಗುತ್ತಿದ್ದ. ಆ ನಗುವಿನಲ್ಲಿ ಸ್ವಲ್ಪ ಜಂಬವೂ ಇತ್ತು ಅನ್ನಿ. ಆಯುಧಪೂಜೆಯ ದಿನ ಗಾಡಿ ತೊಳೆದು, ಹ್ಯಾಂಡಲಿಗೆ ಮಾವಿನೆಲೆ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು ಕುಂಕುಮ ಹಚ್ಚುವಾಗ ಆ ಗಾಡಿಯ ಸ್ವಭಾವ ಬಲ್ಲವನಿಗೂ ಬರೀ ಕಂತು ಕಟ್ಟುವವನಿಗೂ ವ್ಯತ್ಯಾಸ ಕಾಣುತ್ತದೆ. ಮೊದಲನೆಯವನು ಕಾರ್ಬೊರೇಟರಿಗೂ ಒಂದು ಬೊಟ್ಟು ಇಡುತ್ತಾನೆ.

ನಾನು ಹೋಗುವ ಮೆಕ್ಯಾನಿಕ್ ಒಬ್ಬರಿದ್ದಾರೆ, ಮೇಸ್ತ್ರಿ ಅಂತಲೇ ಎಲ್ಲರೂ ಕರೆಯುವುದು. ಗಾಡಿ ಬೀದಿಯ ತುದಿಯಲ್ಲಿ ತಿರುಗಿದಾಗಲೇ ಅವರ ತಪಾಸಣೆ ಶುರು. ಮಾತಾಡಿಸುವ ಮೊದಲು ಪ್ಲಗ್ಗು ಬಿಚ್ಚಿ, ಅಂಗೈ ಮೇಲೆ ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ತುದಿ ಕಾಫಿಬಣ್ಣಕ್ಕೆ ತಿರುಗಿದ್ದರೆ ಎಲ್ಲ ಸರಿ. ಮಸಿಯಂತೆ ಕರ್ರಗಿದ್ದರೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ, ಇಲ್ಲವೇ ಆಯಿಲ್ ಜಾಸ್ತಿ. ಬೆಳ್ಳಗೆ ಸುಟ್ಟಂತಿದ್ದರೆ ಭಯ ಪಡಬೇಕು: ಎಲ್ಲೋ ಗಾಳಿ ಎಳೆಯುತ್ತಿದೆ, ಇಂಜಿನ್ ಒಳಗೊಳಗೇ ಕಾಯುತ್ತಿದೆ. ‘ಸಾರ್, ಬೆಟ್ಟ ಹತ್ತುವಾಗ ಕೆಮ್ಮುತ್ತಾ, ಇಳಿಯುವಾಗ ಕೆಮ್ಮುತ್ತಾ?’ ಎಂದು ಅವರು ಕೇಳಿದಾಗ ಎಷ್ಟೋ ಜನ ಬೆಪ್ಪಾಗಿ ನಿಲ್ಲುವುದನ್ನು ನೋಡಿದ್ದೇನೆ. ಉತ್ತರ ಗೊತ್ತಿರಬೇಕಾದರೆ ಓಡಿಸುವಾಗ ಕಿವಿ ತೆರೆದಿರಬೇಕು. ನಮ್ಮ ದೇಶದಲ್ಲಿ ವೈದ್ಯರು ನಾಡಿ ಹಿಡಿದು, ಶಿಲ್ಪಿಗಳು ಕಲ್ಲು ತಟ್ಟಿ ಸದ್ದು ಕೇಳಿ ಪಡೆಯುತ್ತಿದ್ದ ತಿಳಿವಿನ ಜಾತಿಗೇ ಇದನ್ನೂ ಸೇರಿಸಬೇಕು. ಗ್ರಂಥಸ್ಥವಾಗದ ಕಾರಣಕ್ಕೆ ಅದಕ್ಕೆ ವಿದ್ಯೆ ಎಂಬ ಮರ್ಯಾದೆ ಸಿಗಲಿಲ್ಲ, ಗ್ಯಾರೇಜಿನ ಹುಡುಗರಿಗೆ ಪಗಾರವೂ ಅಷ್ಟಕ್ಕಷ್ಟೆ.

1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂದಾಗ ಅದರ ಜಾಹೀರಾತು ಹೇಳಿದ್ದೇ ಇದಕ್ಕೆ ತದ್ವಿರುದ್ಧ: ಪೆಟ್ರೋಲು ತುಂಬಿಸಿ, ಮುಚ್ಚಿ, ಮರೆತುಬಿಡಿ. ಫೋರ್-ಸ್ಟ್ರೋಕ್ ಇಂಜಿನ್ನು, ಆಯಿಲ್ ಬೆರೆಸುವ ರಗಳೆ ಇಲ್ಲ, ಒಂದು ಲೀಟರಿನಲ್ಲಿ ಯೆಜ್ಡಿ ಕನಸಲ್ಲೂ ಕಾಣದಷ್ಟು ದೂರ. ತಿಂಗಳ ಕೊನೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಿಗೆ, ಹಾಲು ಹಾಕುವವನಿಗೆ, ಮೇಷ್ಟ್ರಿಗೆ ಅದು ವರವೇ ಆಯಿತು, ಆಗಬೇಕಾದದ್ದೂ ಹಾಗೆ. ಗಾಡಿಯನ್ನು ಮರೆತು ಬದುಕಬೇಕಾದವರೇ ಜಗತ್ತಿನಲ್ಲಿ ಹೆಚ್ಚು. 1991ರಿಂದ ಹೊಗೆಯ ಮಿತಿಗಳೂ ಬಂದವು, 1996ರಲ್ಲಿ ಇನ್ನಷ್ಟು ಬಿಗಿಯಾದವು. ಹುಡುಗರ ಪ್ರಾಣವಾಗಿದ್ದ ಇನ್ನೊಂದು ಟೂ-ಸ್ಟ್ರೋಕ್ ಬೈಕು ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ.

ಈಗ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿಯವರೆಲ್ಲ ಒಂದೆಡೆ ಸೇರುತ್ತಾರೆ. ಕ್ರೋಮ್ ಹೊಳೆಯುವ ಟ್ಯಾಂಕುಗಳು, ನೀಲಿ ಹೊಗೆ, ಸೆಲ್ಫಿ. ಹಳೆಯ ಹೆಸರಿನಲ್ಲೇ ಹಳೆಯ ಆಕಾರ ತಂದ ಹೊಸ ಗಾಡಿಗಳೂ ಬರುತ್ತವೆ, ಅವು ಫೋರ್-ಸ್ಟ್ರೋಕ್, ಬಟನ್ ಒತ್ತಿದರೆ ಸಾಕು. ಅವನ್ನು ಕಂಡು ಹಳಬರು ಮೂಗು ಮುರಿಯುವುದು ನನಗೆ ಸರಿ ಕಾಣುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಒಂದು ಪಿಸ್ಟನ್ನಿಗಾಗಿ ಅಲೆಯುವ ಪುರುಸೊತ್ತು ಎಲ್ಲರಿಗೂ ಇರಬೇಕೆಂದೇನೂ ಇಲ್ಲವಲ್ಲ.

ನಮ್ಮ ಮೇಸ್ತ್ರಿಗೆ ಮಾತ್ರ ಬ್ಯಾಟರಿ ಸ್ಕೂಟರುಗಳ ಮೇಲೆ ತಾತ್ಸಾರ. ‘ಅದು ಗಾಡಿಯಲ್ಲ ಸಾರ್, ಚಕ್ರ ಹಾಕಿದ ಮಿಕ್ಸಿ’ ಎನ್ನುತ್ತಿದ್ದರು. ಪ್ಲಗ್ಗಿಲ್ಲ, ಹೊಗೆಯಿಲ್ಲ, ಅವರ ಕೈಗೆ ಸಿಗುವಂಥದ್ದು ಏನೂ ಇಲ್ಲ. ಆದರೆ ಇಂಜಿನ್ನಿನ ಗದ್ದಲ ಹೋದ ಮೇಲೆ ಅದರಡಿ ಮುಚ್ಚಿಹೋಗಿದ್ದ ಸದ್ದುಗಳೆಲ್ಲ ಮೇಲೆ ಬಂದಿವೆ: ಟೈರು ಟಾರಿಗೆ ಉಜ್ಜುವುದು, ಬ್ರೇಕಿನ ಪ್ಯಾಡು, ಬೆಲ್ಟು, ಬೇರಿಂಗು. ಮೊನ್ನೆ ಕಾಲೇಜಿನ ಹುಡುಗಿಯೊಬ್ಬಳು ತನ್ನ ಸ್ಕೂಟರು ತಂದು ನಿಲ್ಲಿಸಿದಳು. ‘ಅಂಕಲ್, ಕಿರ್ ಅಂತಿದೆ. ಯಾವಾಗಲೂ ಅಲ್ಲ, ಎಡಕ್ಕೆ ತಿರುಗಿಸಿದಾಗ ಮಾತ್ರ, ಅದೂ ಮಳೆ ಬಂದ ಮಾರನೇ ದಿನ.’

ಮೇಸ್ತ್ರಿ ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. ‘ಬ್ರೇಕ್ ಹಿಡಿದಾಗ ನಿಲ್ಲುತ್ತಾ ಮಗಳೇ, ಜಾಸ್ತಿ ಆಗುತ್ತಾ?’

‘ನಿಲ್ಲುತ್ತೆ.’

‘ಹತ್ತು ಹಿಂದೆ, ನಾನೇ ಓಡಿಸಿ ನೋಡ್ತೀನಿ’ ಎಂದು ಹೆಲ್ಮೆಟ್ಟಿಗಾಗಿ ಒಳಗೆ ಹೋದರು.