ದಿಂಬಿನಂಥ ಕಲ್ಲು

ಲಾವಾ ನೋಡಬೇಕಂದ್ರೆ ಹವಾಯಿಗೇ ಹೋಗಬೇಕು ಅಂದುಕೊಂಡವರಿಗೆ ಒಂದು ಸುದ್ದಿ. ಚಿತ್ರದುರ್ಗ ದಾಟಿ ಹಿರಿಯೂರಿನ ದಾರಿ ಹಿಡಿದರೆ, ಐಮಂಗಲದ ಹತ್ತಿರ ಮರಡಿಹಳ್ಳಿ ಇದೆ. ಅಲ್ಲಿನ ಲಾವಾ ಆರಿ ಸುಮಾರು 250 ಕೋಟಿ ವರ್ಷವಾಯ್ತು, ಅಷ್ಟೇ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದೆ.

ಮೊನ್ನೆ ಅಳವಂಡಿಯಿಂದ ನಸುಕಿನಲ್ಲೇ ಬಿಟ್ಟು ಕೊಪ್ಪಳ, ಹೊಸಪೇಟೆ, ಕೂಡ್ಲಿಗಿ ಮೇಲೆ ಹಾದು ಹೋದೆವು. ಜೊತೆಗೆ ನಮ್ಮ ಕಾಕಾ. ಮೂವತ್ತು ವರ್ಷ ಕ್ವಾರಿಯಲ್ಲಿ ಕಲ್ಲು ಒಡೆದವರು. "ಕಲ್ಲು ನೋಡಾಕ ಇಷ್ಟು ದೂರ ಯಾರರ ಹೊಕ್ಕಾರೇನವ್ವಾ? ನಾ ನೋಡಿದ್ದು ಸಾಲದೇನು?" ಅಂತ ದಾರಿಯುದ್ದಕ್ಕೂ ಗೊಣಗಾಟ.

ಮಕ್ಕಳಿಗೂ ಮೊದಲು ನಿರಾಸೆಯೇ. ಬೆಂಕಿಯಿಲ್ಲ, ಹೊಗೆಯಿಲ್ಲ. ಕಲ್ಲು, ಬೋರ್ಡು, ಬಿಸಿಲು. ಹತ್ತಿರ ಹೋದ ಮೇಲೆ ಒಂದರ ಮೇಲೊಂದು ಒಟ್ಟಿದ ದಿಂಬುಗಳ ಹಾಗೆ ಉರುಟು ಬಂಡೆಗಳು ಕಂಡವು. ನೀರಿನಡಿ ಉಕ್ಕಿದ ಲಾವಾಕ್ಕೆ ತಂಪು ತಗುಲಿದ ಕೂಡಲೇ ಹೊರಮೈ ಗಟ್ಟಿಯಾಗುತ್ತದೆ. ಒಳಗಿನ ಬಿಸಿ ರಸ ಆ ಸಿಪ್ಪೆ ಬಿರಿದು ಇನ್ನೊಂದು ದಿಂಬಾಗಿ ಹೊರಬರುತ್ತದೆ. 1970ರ ದಶಕದಲ್ಲಿ ಹವಾಯಿಯ ಕಡಲಿಗಿಳಿದವರು ಇದನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದ್ದಾರೆ. ಅಂದರೆ ಮಳೆಗಾಗಿ ಮುಗಿಲು ನೋಡುವ ಈ ಸೀಮೆ ಒಂದು ಕಾಲಕ್ಕೆ ನೀರಿನಡಿ ಇತ್ತು!

ಕಾಕಾ ಹತ್ತು ಹೆಜ್ಜೆಗೊಮ್ಮೆ ನಿಂತು ಕೆಮ್ಮುತ್ತ ಬಂದರು. ಕಲ್ಲಿನ ಪುಡಿ ಕುಡಿದ ಎದೆ. ನಾನು ಇದನ್ನೆಲ್ಲ ವಿವರಿಸುವ ಮೊದಲೇ ಕುಕ್ಕುರುಗಾಲಲ್ಲಿ ಕೂತು ಒಂದು ಬಂಡೆಯ ಸುತ್ತ ಬೆರಳಾಡಿಸಿದರು.

"ಇದು ಹಸೀ ಇದ್ದಾಗ ಬಂದು ಕುಂತೈತಿ. ನೋಡು, ಮ್ಯಾಲಿನ ಮೈ ಉಬ್ಬೈತಿ, ಕೆಳಗಿಂದು ಸಂದ್ಯಾಗ ಇಳಿದೈತಿ. ಗಟ್ಟಿ ಕಲ್ಲು ಒಟ್ಟಿದ್ರ ಹಿಂಗ ಕೂಡಂಗಿಲ್ಲ."

ಭೂವಿಜ್ಞಾನಿಗಳು ಹುಡುಕುವ ಗುರುತೂ ಇದೇ. ಪದರ ಓರೆಯಾಗಿ, ತಲೆಕೆಳಗಾಗಿ ಬಿದ್ದಿದ್ದರೂ ಮೊದಲು ಯಾವ ಕಡೆ ಮೇಲಿತ್ತು ಅಂತ ದಿಂಬಿನ ಉಬ್ಬು ನೋಡಿ ಹೇಳುತ್ತಾರೆ. ಶಾಲೆ ಮೆಟ್ಟಿಲು ಹತ್ತದ ನಮ್ಮ ಕಾಕಾನಿಗೆ ಅದು ಬೆರಳಿಗೇ ಗೊತ್ತಾಯ್ತು.

ಮಗ ಸಣ್ಣ ಚೂರೊಂದನ್ನು ಜೇಬಿಗೆ ಹಾಕುತ್ತಿದ್ದ. ಕಾಕಾ ಗದರಿ ಇಡಿಸಿದರು. ಆಮೇಲೆ ಬೋರ್ಡಿನ ಕಡೆ ನೋಡಿ, "ಇದಕ್ಕ ಕಾವಲು ಐತಿ. ನಾವು ಒಡದ ಗುಡ್ಡದಾಗ ಏನೇನಿತ್ತೋ, ಯಾರು ನೋಡಿದ್ರು?" ಅಂದರು. ನಮ್ಮ ಮುಂಡರಗಿ ಕಡೆಯ ಕಪ್ಪತಗುಡ್ಡದಲ್ಲೂ ಹಳೇ ಲಾವಾ ಕಲ್ಲಿದೆ, 2019ರಲ್ಲಿ ಅದು ವನ್ಯಜೀವಿಧಾಮ ಆಯ್ತು ಅಂತ ಹೇಳಿದೆ. "ಅದರ ಉಳೀತಲ್ಲ" ಅಂದವರು ಮತ್ತೆ ಆ ಬಂಡೆಯತ್ತಲೇ ಹೋದರು.

ನೀವು ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ನೀರು ಒಯ್ಯಿರಿ. ಮನೆಯಲ್ಲಿ ಕಲ್ಲಿನ ಕೆಲಸ ಗೊತ್ತಿರುವ ಹಿರಿಯರಿದ್ದರೆ ಅವರನ್ನೂ ಕರಕೊಂಡು ಹೋಗಿ.