ಸ್ಟೇ ಸಿಕ್ಕಿದ್ರೆ ಕೇಸ್ ಗೆದ್ದಂಗಲ್ಲ

ಹೇಮಾವತಿ ಲಿಂಕ್ ಕೆನಾಲ್ ಗಲಾಟೆ ಶುರುವಾದಾಗಿನಿಂದ ನಮ್ಮ ಮೆಸ್ಸಿನಲ್ಲೂ ಎರಡು ಪಕ್ಷ. ಕುಣಿಗಲ್ ಕಡೆಯವರಿಗೆ ಕಾಲುವೆ ಆಗಲೇಬೇಕು, ಗುಬ್ಬಿ ಕಡೆಯವರಿಗೆ ಬೇಡವೇ ಬೇಡ. ಜಗಳದ ಕೊನೆಗೆ ಎರಡೂ ಕಡೆಯಿಂದ ಒಂದೇ ಮಾತು: "ಕೋರ್ಟಿಂದ ಆರ್ಡರ್ ತರ್ತೀವಿ, ನೋಡ್ತಿರಿ." ಯಾವ ಆರ್ಡರ್ರು ಅಂದ್ರೆ ಉತ್ತರವಿಲ್ಲ.

ನಮ್ಮಲ್ಲಿ ಸರ್ಕಾರಿ ಮೊಹರು ಇರೋದೆಲ್ಲ ಕೋರ್ಟ್ ಆರ್ಡರ್ರೇ. 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಪ್ರತಿಭಟನೆ ನಡೆದಾಗ ಬಂದ ನಿಷೇಧಾಜ್ಞೆ ಆಡಳಿತದ್ದು, ಕಾಲುವೆ ಸರಿಯೋ ತಪ್ಪೋ ಅಂತ ಅದು ಹೇಳಲ್ಲ.

ತಡೆಯಾಜ್ಞೆ ಕೂಡ ಹೇಳಲ್ಲ. ಮಲ್ಟಿಮೀಟರಿನ ಹೋಲ್ಡ್ ಬಟನ್ ಒತ್ತಿದ್ರೆ ರೀಡಿಂಗ್ ನಿಲ್ಲುತ್ತೆ, ಆದ್ರೆ ಅದು ಸರಿಯಾದ ರೀಡಿಂಗ್ ಅಂತ ಅರ್ಥವಲ್ಲ. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆಯಾ, ಈಗ ತಡೆಯದಿದ್ದರೆ ಆಮೇಲೆ ತುಂಬಿಕೊಡಲಾಗದ ನಷ್ಟ ಆಗುತ್ತಾ, ತೊಂದರೆ ಯಾರಿಗೆ ಹೆಚ್ಚು: ಇಷ್ಟು ನೋಡಿ ಕೋರ್ಟು ಸದ್ಯಕ್ಕೆ ನಿಲ್ಲಿಸುತ್ತೆ. ಹಕ್ಕು ಯಾರದು ಅನ್ನೋದು ತೀರ್ಪಿನಲ್ಲಿ.

ಹಾಗಂತ ಮಧ್ಯಂತರ ಆದೇಶ ಹಗುರವೂ ಅಲ್ಲ. ಹೇಮಾವತಿ ಸೇರೋದು ಕಾವೇರಿಗೆ, ಆ ಕೇಸನ್ನೇ ನೋಡಿ. 1991ರ ಜೂನ್ 25ರಂದು ಕಾವೇರಿ ನ್ಯಾಯಮಂಡಳಿ, ವರ್ಷಕ್ಕೆ 205 ಟಿಎಂಸಿ ನೀರು ಮೆಟ್ಟೂರು ತಲುಪಬೇಕು ಅಂತ ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪನವರ ಸರ್ಕಾರ ತಿಂಗಳೊಳಗೆ ಸುಗ್ರೀವಾಜ್ಞೆ ತಂದು ಅದನ್ನು ಬದಿಗಿಡಲು ನೋಡಿತು. ಅದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲೇ ಹೇಳಿತು. ಅಂತಿಮ ತೀರ್ಪು ಬಂದಿದ್ದು 2007ರಲ್ಲಿ. "ಮಧ್ಯಂತರ" ಅಂದ್ರೆ ನಮ್ಮ ದೇಶದಲ್ಲಿ ಹದಿನಾರು ವರ್ಷವೂ ಆಗಬಹುದು!

2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್, ನಾವು ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಅದನ್ನು ಹಿಡಿದುಕೊಂಡು ಈಗ ಎರಡೂ ತಾಲ್ಲೂಕಿನವರು ವಾದ ಮಾಡ್ತಾರೆ. ಆದ್ರೆ ಆ ಹಂಚಿಕೆ ಆಗಿರೋದು ರಾಜ್ಯಗಳ ನಡುವೆ. ಗುಬ್ಬಿಗೆಷ್ಟು, ಕುಣಿಗಲ್ಲಿಗೆಷ್ಟು ಅನ್ನೋದು ಸರ್ಕಾರ ಮತ್ತು ಕಾವೇರಿ ನೀರಾವರಿ ನಿಗಮದ ಲೆಕ್ಕ. ಅದು ಕೋರ್ಟಿಗೆ ಹೋದರೂ, ಸರ್ಕಾರ ಕಾನೂನು ಪ್ರಕಾರ ನಡೆದಿದೆಯಾ ಅಂತ ಮುಖ್ಯವಾಗಿ ನೋಡ್ತಾರೆ. ಯಾವ ತೂಬಿಗೆ ಎಷ್ಟು ಕ್ಯೂಸೆಕ್ ಅಂತ ಜಡ್ಜು ಕೂತು ಡಿಸೈನ್ ಮಾಡಲ್ಲ. ನಮ್ಮ ಸಿವಿಲ್ ಬ್ರಾಂಚಿನವರು ಆ ಲೆಕ್ಕವನ್ನು ಕೇಳಿ ಪಡೆದು ಓದಬೇಕು ಅಂತ ನಮ್ಮ ಆಸೆ.

ಅಲ್ಲೀವರೆಗೆ ಗ್ರೂಪಿನಲ್ಲಿ "ಸ್ಟೇ ಬಂತು" ಅಂತ ಪಿಡಿಎಫ್ ಬಂದರೆ, ಸ್ಟೇಟಸ್ ಹಾಕೋಕೆ ಮುಂಚೆ ಕೊನೇ ಪುಟ ತೆಗೀರಿ. ಆದೇಶದ ಸಾಲು ಅಲ್ಲೇ ಇರುತ್ತೆ: ಯಾರು, ಏನನ್ನು, ಎಲ್ಲಿವರೆಗೆ ಮಾಡಬಾರದು ಅಂತ.