ಹೊಲಿಗೆ ಹಾಕಿದ ಮೇಲಿನ ಆರು ವಾರ

ಹೋದ ತಿಂಗಳು ಸಂಘದ ಸದಸ್ಯರೊಬ್ಬರು ಕಚೇರಿಗೆ ಬಂದು, ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಸಾಲ ಸಿಗಬಹುದೇ ಎಂದು ವಿಚಾರಿಸಿದರು. ಆಸ್ಪತ್ರೆಯವರು ಕೊಟ್ಟ ಅಂದಾಜು ಪಟ್ಟಿ ಅವರ ಕೈಯಲ್ಲಿತ್ತು. ಡಿಸೆಂಬರಿನಲ್ಲಿ ಮಾಡಿಸಬೇಕೆಂದಿದ್ದರು. ಸಾಲದ ಮಾತಿಗೆ ಮೊದಲು ನಾವು ಕೇಳಿದ್ದು ಎರಡೇ ಪ್ರಶ್ನೆ: ಮನೆಗೆ ಬಂದ ಮೇಲೆ ಅಡಿಗೆ ನೋಡಿಕೊಳ್ಳುವವರು ಯಾರು? ಅಡಿಕೆ ಸುಲಿತ, ಕಾಫಿ ಕೊಯ್ಲು ಎರಡೂ ಮೈಮೇಲೆ ಬಂದಿರುವ ತಿಂಗಳಲ್ಲಿ ತೋಟ ನೋಡಿಕೊಳ್ಳುವವರು ಯಾರು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಪರೇಷನ್ ಮೂರೇ ದಿನದ್ದಂತಲ್ಲ ಸ್ವಾಮಿ” ಎಂದರು.

ಮೂರೇ ದಿನದ್ದು ಎಂದು ನಾವೂ ಒಂದು ಕಾಲಕ್ಕೆ ತಿಳಿದಿದ್ದೆವು. ಧಾರವಾಡದ ಕೃಷಿ ಕಾಲೇಜಿನಲ್ಲಿ ನಮ್ಮ ಸಹಪಾಠಿಯಾಗಿದ್ದ ಗೆಳೆಯರೊಬ್ಬರು ಬೀದರ ಜಿಲ್ಲೆಯವರು. ಹುಟ್ಟಿದೂರು ಬಸವಕಲ್ಯಾಣ, ವ್ಯಾಪಾರ ಹುಮನಾಬಾದಿನಲ್ಲಿ. ಸಕ್ಕರೆ ಕಾಯಿಲೆ, ಮಂಡಿನೋವು, ರಾತ್ರಿ ಉಸಿರು ಕಟ್ಟುವುದು, ಇವೆಲ್ಲ ಸೇರಿ ವೈದ್ಯರು ಬೇರೆ ದಾರಿಯಿಲ್ಲವೆಂದ ಮೇಲೆ ಎರಡು ವರ್ಷದ ಹಿಂದೆ ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ತೋಟದಲ್ಲಿ ಬೋರ್ಡೋ ದ್ರಾವಣದ ಎರಡನೇ ಸುತ್ತು ಮುಗಿಸಿ ನಾವು ಅವರನ್ನು ನೋಡಲು ಹೊರಟೆವು. ಕಲಬುರಗಿಯಿಂದ ಬೀದರಕ್ಕೆ 2017ರಲ್ಲಿ ರೈಲುಮಾರ್ಗ ಪೂರ್ತಿಯಾದ ಮೇಲೆ ಹುಮನಾಬಾದಿಗೆ ಹೋಗುವುದು ಮೊದಲಿನಷ್ಟು ಕಷ್ಟವಲ್ಲ. ಕೈಯಲ್ಲಿ ಎರಡು ಕಿಲೋ ಕಾಫಿಪುಡಿ, ಒಂದು ಚೀಲ ಕೆಂಪಡಿಕೆ. ಬೆಳೆಗಾರ ಇನ್ನೇನು ಒಯ್ದಾನು?

ಎರಡನ್ನೂ ವೈನಿಯವರು ನಗುತ್ತಲೇ ತೆಗೆದು ಅಟ್ಟದ ಮೇಲಿಟ್ಟರು. ಮೊದಲ ವಾರಗಳಲ್ಲಿ ಕಾಫಿ ಕೂಡದು. ಎಲೆ, ಅಡಿಕೆ, ತಂಬಾಕು ಯಾವುದೂ ಬಾಯಿಗೆ ಹೋಗಕೂಡದು. ತಂಬಾಕಂತೂ ಮುಂದೆಯೂ ಕೂಡದು, ಹೊಲಿಗೆಯ ಜಾಗದಲ್ಲಿ ಹುಣ್ಣಾಗುತ್ತದೆ. ನಮ್ಮ ಎರಡು ಬೆಳೆಯೂ ಒಂದೇ ಮನೆಯಿಂದ ಒಮ್ಮೆಗೇ ಬಹಿಷ್ಕಾರಕ್ಕೊಳಗಾದದ್ದನ್ನು ಕಂಡದ್ದು ಅದೇ ಮೊದಲು!

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡ ಸುದ್ದಿ ಹಲವರಿಗೆ ನೆನಪಿರಬಹುದು. ಅದು ಮೈಯ ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆ. ನಾವು ಹೇಳುತ್ತಿರುವುದು ಜಠರದ ಶಸ್ತ್ರಚಿಕಿತ್ಸೆ. ನಮ್ಮ ಗೆಳೆಯರಿಗೆ ಆದ ಬಗೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಕೊಳವೆಯಂತೆ ಹೊಲಿಯುತ್ತಾರೆ. ಆ ಕೊಳವೆಯಲ್ಲಿ ಹಿಡಿಸುವುದು ಸುಮಾರು 100ರಿಂದ 150 ಮಿಲಿಲೀಟರು, ಎಂದರೆ ಒಂದು ಸಣ್ಣ ಲೋಟ. ಬಲವಾಗಿ ಕಸಿ ಮಾಡಿದ ಕಾಫಿ ಗಿಡದ ಬುಡಕ್ಕೆ ಮರುದಿನವೇ ಮೂಟೆ ಗೊಬ್ಬರ ಸುರಿಯುವವರು ನಮ್ಮಲ್ಲಿ ಯಾರೂ ಇಲ್ಲ. ಮನುಷ್ಯನ ವಿಷಯಕ್ಕೆ ಬಂದಾಗ ಆ ಬುದ್ಧಿ ನಮಗೆ ಇರುವುದಿಲ್ಲ.

ಆಸ್ಪತ್ರೆಯವರು ಪಥ್ಯದ ಹಾಳೆ ಕೊಟ್ಟಿದ್ದರು. ಇಂಗ್ಲಿಷಿನಲ್ಲಿ, ಅಂದವಾಗಿ ಮುದ್ರಿಸಿದ ಹಾಳೆ. ಬ್ರಾಕಲಿ ಸೂಪು, ಓಟ್ಸ್, ಮೀನು, ಮೊಟ್ಟೆಯ ಬಿಳಿ ಎಂದೆಲ್ಲ ಬರೆದಿತ್ತು. ಜೋಳ, ತೊಗರಿ, ಪುಂಡಿಪಲ್ಯದ ಮೇಲೆ ಬದುಕುವ, ಮೊಟ್ಟೆ ಮುಟ್ಟದ ಮನೆಯದು. ವೈನಿಯವರು ಹಾಳೆಯನ್ನು ಮಡಚಿ ದೇವರ ಜಗಲಿಯ ಮೇಲಿಟ್ಟು, ತಮಗೆ ತೋಚಿದಂತೆ ಬೇಳೆಕಟ್ಟು, ಮಜ್ಜಿಗೆ ಕೊಡುತ್ತಿದ್ದರು. ಅಷ್ಟರಲ್ಲಿ ಶ್ರಾವಣದ ಪಂಚಮಿ ಬಂತು. ಹನ್ನೆರಡನೆಯ ದಿನ ಎಲ್ಲರೂ ಬಸವಕಲ್ಯಾಣಕ್ಕೆ ಹೋದೆವು. ಶರಣರು ದಾಸೋಹ ನಡೆಸಿದ ಊರದು. ಬಂದವರಿಗೆ ಉಣಬಡಿಸದೆ ಕಳಿಸುವ ರೂಢಿ ಅಲ್ಲಿಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿಗಳ ಡಬ್ಬಿ ಒಂದರ ಹಿಂದೊಂದು ಬಂದವು. ಗೆಳೆಯರು ಉಂಡಿಗೆ ಕೈಹಾಕಲಿಲ್ಲ. ಆದರೆ ಅವರ ಅವ್ವ, “ಬರೇ ನೀರ ಕುಡದು ಜೀವ ಹ್ಯಾಂಗ ಹಿಡೀತದ ಮಗಾ, ಒಂದ ತುತ್ತು ತಿನ್ನು” ಎಂದು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಣ್ಣೀರು ತುಂಬಿಕೊಂಡು ಕೊಟ್ಟರು. ನಾವೂ ಪಕ್ಕದಲ್ಲೇ ಕೂತಿದ್ದು, “ನೆನೆದಿದೆಯಲ್ಲ, ಏನಾಗುತ್ತದೆ” ಎಂದೆವು. ಪದವಿ ಪಡೆದವರ ಮಾತಿದು.

ರಾತ್ರಿಯಿಡೀ ವಾಂತಿ. ಪ್ರತಿ ಸಲ ಓಕರಿಸಿದಾಗಲೂ ಒಳಗಿನ ಹೊಲಿಗೆ ಬಿಟ್ಟುಹೋದೀತೆಂಬ ಭಯ. ಫೋನಿನಲ್ಲಿ ವೈದ್ಯರು ಕೇಳಿದ್ದು: ಜ್ವರವಿದೆಯೇ, ನಾಡಿ ನಿಮಿಷಕ್ಕೆ 120 ದಾಟಿದೆಯೇ, ಹೊಟ್ಟೆನೋವು ಏರುತ್ತಿದೆಯೇ, ಎಡಭುಜ ನೋಯುತ್ತಿದೆಯೇ, ಉಸಿರಾಟಕ್ಕೆ ತೊಂದರೆಯೇ. ಇವುಗಳಲ್ಲಿ ಒಂದಿದ್ದರೂ ಬೆಳಗಾಗುವುದನ್ನು ಕಾಯದೆ ಹೊರಟು ಬರಬೇಕೆಂದರು. ಪುಣ್ಯಕ್ಕೆ ಯಾವುದೂ ಇರಲಿಲ್ಲ. ಗುಟುಕು ಗುಟುಕು ನೀರು ಬಿಟ್ಟು ಬೇರೇನೂ ಬೇಡವೆಂದರು. ಮಧ್ಯಾಹ್ನದ ಹೊತ್ತಿಗೆ ತಹಬಂದಿಗೆ ಬಂತು. ಇಂಥ ವಾಂತಿ ದಿನಗಟ್ಟಲೆ ಮುಂದುವರಿದರೆ ಮೈಯಲ್ಲಿ ಬಿ1 ಜೀವಸತ್ವ ಬರಿದಾಗಿ ನರಗಳಿಗೂ ಮಿದುಳಿಗೂ ಪೆಟ್ಟು ಬೀಳುತ್ತದೆಂದು ನಾವು ತಿಳಿದದ್ದು ಆಗಲೇ. ಹತ್ತಿರದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಏರಿಸುವ ಪ್ರಸಂಗ ಬಂದರೆ, ಇಂಥ ಶಸ್ತ್ರಚಿಕಿತ್ಸೆಯಾಗಿದೆ, ಮೊದಲು ಬಿ1 ಕೊಡಿ ಎಂದು ಮನೆಯವರೇ ನೆನಪಿಸಬೇಕು.

ಆ ಅವ್ವನನ್ನು ದೂರುವುದಕ್ಕೆ ನಮಗೆ ಮನಸ್ಸಿಲ್ಲ. ಅವರಿಗೆ ಅರ್ಥವಾಗುವ ಮಾತಿನಲ್ಲಿ, ಅವರ ಒಲೆಯ ಮೇಲಿರುವ ಪದಾರ್ಥದ ಹೆಸರು ಹಿಡಿದು ಯಾರೂ ಹೇಳಿರಲಿಲ್ಲ. ಲಕ್ಷಗಟ್ಟಲೆ ಹಣ ಪಡೆಯುವ ಆಸ್ಪತ್ರೆಗೆ ಕನ್ನಡದಲ್ಲಿ, ಬೇಕಾದರೆ ಮರಾಠಿ, ಉರ್ದು, ತೆಲುಗಿನಲ್ಲಿ, ಒಂದು ಹಾಳೆ ಬರೆಸಿಕೊಡುವುದು ಭಾರವೇ? ಚಾಕು ಹಿಡಿದವರ ಕೆಲಸ ಒಂದೆರಡು ತಾಸಿನದು. ಉಳಿದದ್ದು ಅಡಿಗೆಮನೆಯ ಕೆಲಸ. ಆ ಅಡಿಗೆಮನೆಯನ್ನು ಲೆಕ್ಕಕ್ಕೇ ಹಿಡಿಯದಿರುವುದು ನಮ್ಮ ದೃಷ್ಟಿಯಲ್ಲಿ ದೊಡ್ಡ ಲೋಪ.

ಕೊನೆಗೆ ವೈನಿ, ಗೆಳೆಯರು, ನಾವು ಕೂತು, ಆಸ್ಪತ್ರೆಯ ಪಥ್ಯತಜ್ಞೆಯನ್ನು ಫೋನಿನಲ್ಲಿ ಕೇಳುತ್ತ ಕನ್ನಡದಲ್ಲಿ ಹಾಳೆ ಬರೆದೆವು. ಆಕೆ ತಾಳ್ಮೆಯಿಂದ ಒಂದೊಂದನ್ನೂ ಒಪ್ಪಿದರು, ತಿದ್ದಿದರು. ಮೊದಲೆರಡು ವಾರ ಸೋಸಿದ ಗಂಜಿತಿಳಿ, ಬೇಳೆಕಟ್ಟು, ನೀರುಮಜ್ಜಿಗೆ, ಕೆನೆ ತೆಗೆದ ಹಾಲು. ಮೂರು, ನಾಲ್ಕನೆಯ ವಾರ ನುಣ್ಣಗೆ ಅರೆದ ಹೆಸರುಬೇಳೆ, ಗಟ್ಟಿಮೊಸರು, ಖಾರವಿಲ್ಲದ ಜೋಳದ ಅಂಬಲಿ. ಐದು, ಆರರಲ್ಲಿ ಮೆತ್ತಗಿನ ಪನೀರು, ಮುದ್ದೆಯಾಗಿ ಬೆಂದ ಸೋರೆಕಾಯಿ, ಇಡ್ಲಿಯ ಚೂರು. ರೊಟ್ಟಿ, ಅನ್ನ ಎಲ್ಲಕ್ಕೂ ಕೊನೆಗೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಇದರಲ್ಲಿ ವಾರದ ವ್ಯತ್ಯಾಸವಿರುತ್ತದೆ. ಕ್ರಮ ಮಾತ್ರ ಇದೇ.

ಲೆಕ್ಕದ ಮಾತೊಂದಿದೆ. ದಿನಕ್ಕೆ ಕನಿಷ್ಠ 60 ಗ್ರಾಮ್ ಪ್ರೋಟೀನು ಬೇಕೆನ್ನುತ್ತಾರೆ. ಬೇಳೆಕಟ್ಟು ಕುಡಿದರೆ ಬೇಳೆ ತಿಂದಂತಾಯಿತೆಂದು ನಾವೆಲ್ಲ ನಂಬಿದ್ದೇವೆ. ತಿಳಿಯಲ್ಲಿ ಪ್ರೋಟೀನು ಅತ್ಯಲ್ಪ, ಅದು ತಳದಲ್ಲಿ ಉಳಿದ ಬೇಳೆಯಲ್ಲಿದೆ. ಅರ್ಧ ಲೀಟರು ಹಾಲಿನಲ್ಲಿ ಸುಮಾರು 16 ಗ್ರಾಮ್. ಮೊಟ್ಟೆ ತಿನ್ನದವರಿಗೆ ಮೊದಲ ವಾರಗಳಲ್ಲಿ ವೈದ್ಯರು ಹೇಳುವ ಪ್ರೋಟೀನು ಪುಡಿ ಇಲ್ಲದೆ ಲೆಕ್ಕ ಕೂಡುವುದಿಲ್ಲ. ಆ ಖರ್ಚು ಅಂದಾಜು ಪಟ್ಟಿಯಲ್ಲಿ ಇರುವುದಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಮತ್ತು ಕಾಲಕಾಲಕ್ಕೆ ರಕ್ತಪರೀಕ್ಷೆ ಜೀವಮಾನ ಪರ್ಯಂತ, ಅದೂ ಇರುವುದಿಲ್ಲ. ನೀರು ದಿನಕ್ಕೆ ಒಂದೂವರೆ ಲೀಟರಾದರೂ ಬೇಕು, ಗುಟುಕು ಗುಟುಕಾಗಿ. ಗಟ್ಟಿ ಆಹಾರ ಆರಂಭವಾದ ಮೇಲೆ ಊಟದ ಹಿಂದೆ ಮುಂದೆ ಅರ್ಧ ಗಂಟೆ ಕುಡಿಯಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ಹಳೆಯ ಪ್ರಮಾಣದಲ್ಲೇ ನುಂಗಿದರೆ ಸಕ್ಕರೆ ಕುಸಿದು ತಲೆತಿರುಗಿ ಬೀಳುವ ಸಂಭವವಿದೆ. ಎಷ್ಟು ಇಳಿಸಬೇಕೆಂದು ಮನೆಗೆ ಹೊರಡುವ ಮುನ್ನವೇ ಬರೆಸಿಕೊಳ್ಳಬೇಕು. ನೋವಿಗೆಂದು ಅಂಗಡಿಯ ಮಾತ್ರೆ ತಾವಾಗಿ ನುಂಗಕೂಡದು. ದಿನವೂ ನಡೆಯಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು. ಆದರೆ ಆರು ವಾರ ಭಾರ ಎತ್ತುವಂತಿಲ್ಲ. ಅಡಿಕೆ ಗೊನೆ, ಹಣ್ಣಿನ ಚೀಲ, ಔಷಧಿ ಪಂಪು, ಇವಕ್ಕೆ ಕೈಹಾಕುವಂತಿಲ್ಲ.

ಆದ್ದರಿಂದಲೇ ಡಿಸೆಂಬರು ಬೇಡವೆಂದೆವು. ಕೊಯ್ಲು ಮುಗಿದು ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ ಮಾಡಿಸಿಕೊಂಡರೆ ಮಳೆಗಾಲದ ಕೆಲಸಕ್ಕೆ ಮೈ ಸಿದ್ಧವಾಗಿರುತ್ತದೆ. ಹೋಗುವಾಗ ಹೆಂಡತಿಯೊಬ್ಬರನ್ನೇ ಅಲ್ಲ, ಮನೆಯ ಹಿರಿಯರನ್ನೂ ವೈದ್ಯರ ಮುಂದೆ ಕೂರಿಸಬೇಕು. ನೋಡಲು ಬರುವ ನೆಂಟರು “ಏನೂ ತಿನ್ನುತ್ತಿಲ್ಲವಲ್ಲ” ಎಂದು ಮುಖ ಸಣ್ಣದು ಮಾಡಕೂಡದು. ಉಂಡೆ ಚಕ್ಕುಲಿಯ ಬದಲು ತೋಟದಲ್ಲಿ ಎರಡು ದಿನದ ಕೆಲಸ ಮಾಡಿಕೊಟ್ಟು ಹೋಗಲಿ. ಸಾಲದ ವಿಚಾರವನ್ನು ಬರುವ ಆಡಳಿತ ಮಂಡಳಿ ಸಭೆಯ ಮುಂದಿಡುತ್ತೇವೆ. ಪುಡಿ, ಮಾತ್ರೆ, ಓಡಾಟ, ಆಳಿನ ಕೂಲಿ ಎಲ್ಲ ಸೇರಿಸಿ ಅಂದಾಜು ಪಟ್ಟಿಯನ್ನು ಹೊಸದಾಗಿ ಬರೆದು ತರಲು ಆ ಸದಸ್ಯರಿಗೆ ತಿಳಿಸಿದ್ದೇವೆ.

ಗೆಳೆಯರು ಈಗ 38 ಕಿಲೋ ಇಳಿದಿದ್ದಾರೆ. ಹೋದ ಪಂಚಮಿಗೆ ಬಸವಕಲ್ಯಾಣಕ್ಕೆ ಹೋದಾಗ ಅವ್ವ ಅರ್ಧ ರೊಟ್ಟಿ ಬಡಿಸಿ, ಡಬ್ಬಿಯನ್ನು ತಾವೇ ಮುಚ್ಚಿಟ್ಟರಂತೆ. ನಾವು ಬರೆದ ಹಾಳೆಯ ಪ್ರತಿಗಳು ಸಂಘದ ಕಚೇರಿಯಲ್ಲಿವೆ. ಬೇಕಾದವರು ಒಯ್ಯಬಹುದು, ತಮ್ಮ ವೈದ್ಯರಿಗೆ ತೋರಿಸದೆ ಬಳಸಬಾರದು.